ಬಾಳು ಕೊಟ್ಟವನು

ಮದುವೆಯ ಮುನ್ನಾದಿನ ಬೆಳಿಗ್ಗೆಯಷ್ಟರಲ್ಲಿ ನಾನು ಅಳುವುದನ್ನು ಮಂಗಳೂರಿಡೀ ನೋಡಿಯಾಗಿತ್ತು. ನೋಡದೆ ಉಳಿದವಳು ನಾನೊಬ್ಬಳೇ. ಅತ್ತಿದ್ದರೆ ನೆನಪಿರುತ್ತಿತ್ತು, ನಾನು ಅತ್ತೇ ಇರಲಿಲ್ಲ.

ನನ್ನ ಚಿಕ್ಕಪ್ಪನ ಮಗಳು ಏವ್ರಿಲ್ ಮೊಬೈಲನ್ನು ನನ್ನ ಮಡಿಲಲ್ಲಿಟ್ಟಳು. ಪರದೆಯ ಮೇಲೆ ನನ್ನದೇ ಮುಖ. ಕೆನ್ನೆಯ ಮೇಲೆ ಧಾರಾಕಾರವಾಗಿ ನೀರು ಇಳಿಯುತ್ತಿದೆ, ನಾನು ಕಣ್ಣೊರೆಸಿಕೊಳ್ಳುತ್ತಿದ್ದೇನೆ, ಹಿಂದೆ ಸಾವಿನ ಮನೆಯ ಹಾಗೆ ಪಿಟೀಲು ಕೊರೆಯುತ್ತಿದೆ. ಕೆಳಗೆ ದಪ್ಪಕ್ಷರ: ‘ಗಾಲಿಕುರ್ಚಿಯ ಆಂಡ್ರಿಯಾಗೆ ಬಾಳು ಕೊಟ್ಟ ಹೃದಯವಂತ!’

ಅದು ಕಣ್ಣೀರಲ್ಲ, ತೆಂಗಿನಹಾಲು.

ಹಿಂದಿನ ಸಂಜೆ ಶಕ್ತಿನಗರದ ನಮ್ಮ ಮನೆಯಂಗಳದಲ್ಲಿ ನನ್ನ ರೋಸ್ ಇತ್ತು. ನಮ್ಮ ಕ್ರಿಶ್ಚಿಯನ್ನರಲ್ಲಿ ಮದುವೆಗೆ ಮೊದಲು ಹುಡುಗಿಗೂ ಹುಡುಗನಿಗೂ ಅವರವರ ಮನೆಯಲ್ಲೇ ಎಣ್ಣೆ, ತೆಂಗಿನಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಹಿರಿಯರು ಎರಡು ಹನಿ ಹಚ್ಚಿ ಹೋಗುತ್ತಾರೆ, ಓರಗೆಯವರು ಚೊಂಬುಗಟ್ಟಲೆ ಸುರಿಯುತ್ತಾರೆ. ಏವ್ರಿಲ್ ಸುರಿದದ್ದು ನೇರ ಕಣ್ಣಿಗೆ ಹೋಗಿ, ನಾನು ಒರೆಸಿಕೊಳ್ಳುತ್ತಾ ಬಿದ್ದು ಬಿದ್ದು ನಗುತ್ತಿದ್ದೆ. ನಗುವಿನ ಸದ್ದು ತೆಗೆದು, ದೃಶ್ಯವನ್ನು ನಿಧಾನ ಮಾಡಿ, ಪಿಟೀಲು ಸೇರಿಸಿದರೆ ನಗುವುದೂ ಅಳುವ ಹಾಗೆಯೇ ಕಾಣುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆ ಯೂಟ್ಯೂಬ್ ಚಾನೆಲಿನವನನ್ನು ಕಳಿಸಿದ್ದು ಶೆರ್ವಿನ್, ನಾನು ಮದುವೆಯಾಗಲಿದ್ದವನು. ರೋಸ್ ಶಾಸ್ತ್ರದ ಬಗ್ಗೆ ಕಾರ್ಯಕ್ರಮ ಮಾಡುತ್ತಾರಂತೆ ಎಂದಿದ್ದ. ಮೈಕು ಹಿಡಿದಾಗ ನಾನು ಬಾಯಿತುಂಬಾ ಮಾತಾಡಿದೆ: ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವುದು, ಸೈಡ್ ವೀಲ್ ಹಾಕಿಸಿದ ಸ್ಕೂಟರಿನಲ್ಲಿ ದಿನಾ ನಂತೂರಿನ ಲಾರಿಗಳ ನಡುವೆ ನುಗ್ಗುವುದು, ಶೆರ್ವಿನ್ ಕೇಳಿದಾಗ ಮೊದಲು ಬೇಡ ಅಂದದ್ದು, ಆಮೇಲೆ ಅವನ ಕೆಟ್ಟ ಜೋಕುಗಳಿಗೆ ಸೋತು ಹೂಂ ಅಂದದ್ದು. ಅದರಲ್ಲಿ ಒಂದಕ್ಷರವೂ ವಿಡಿಯೊದಲ್ಲಿ ಇರಲಿಲ್ಲ. ಅಲ್ಲಿ ನನಗೆ ಬಾಯಿಯೇ ಇರಲಿಲ್ಲ, ಬರೀ ಚಕ್ರ ಮತ್ತು ಕಣ್ಣೀರು.

ಇಷ್ಟೇ ಆಗಿದ್ದರೆ ಚಾನೆಲಿನವನಿಗೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ವಿಡಿಯೊದ ಕೊನೆಗೆ ಶೆರ್ವಿನ್ ಬಂದ. ಪಂಪ್‌ವೆಲ್‌ನ ಅವನ ಮನೆಯ ಚಪ್ಪರದಡಿ ನಿಂತು, ತಗ್ಗಿದ ದನಿಯಲ್ಲಿ, ‘ಅವಳ ಸ್ಥಿತಿ ನೋಡಿ ಮನಸ್ಸು ತಡೆಯಲಿಲ್ಲ. ಇಂಥವರಿಗೂ ಒಂದು ಬಾಳು ಬೇಡವಾ? ಯಾರಾದರೂ ಮುಂದೆ ಬರಬೇಕಲ್ಲ,’ ಎಂದ. ವಿಡಿಯೊ ಮುಗಿದು ಚಿನ್ನದಂಗಡಿಯ ಜಾಹೀರಾತು ಶುರುವಾದರೂ ನಾನು ಪರದೆಯನ್ನೇ ನೋಡುತ್ತಿದ್ದೆ.

ಅಡುಗೆಮನೆಯಿಂದ ಮಮ್ಮಿ ಬಂದರು. ಅವರೂ ನೋಡಿದ್ದರು. ಚಾನೆಲಿನವನ ಜನ್ಮ ಜಾಲಾಡುತ್ತಾರೆ ಅಂತ ಕಾದೆ. ಮಮ್ಮಿ ಸೆರಗಿನಲ್ಲಿ ಕಣ್ಣೊತ್ತಿಕೊಂಡು, ಎಷ್ಟು ದೊಡ್ಡ ಮನಸ್ಸು ಶೆರ್ವಿನ್‌ದು ಅಂದರು. ಡ್ಯಾಡಿ ತೀರಿಕೊಂಡ ಮೇಲೆ ಈ ಮನೆ ನಡೆಸಿದ್ದು ನಾನು. ಇಷ್ಟು ವರ್ಷ ನಾನು ಬದುಕಿದ್ದು ಹೆತ್ತವಳಿಗೂ ಬಾಳು ಅಂತ ಕಾಣಿಸಲಿಲ್ಲವಲ್ಲ!

ಏವ್ರಿಲ್ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡಳು. ‘ನಿನ್ನ ನಗುವನ್ನೇ ಅಳು ಮಾಡಿದವರು, ಶೆರ್ವಿನ್ ಮಾತನ್ನು ಹಾಗೇ ಬಿಡ್ತಾರಾ?’

ಆ ಒಂದು ಮಾತಿಗೆ ನಾನು ಜೋತುಬಿದ್ದೆ. ಹೌದು, ಕತ್ತರಿಸಿದ್ದಾರೆ, ಅಲ್ಲಿಂದಿಲ್ಲಿಂದ ಎತ್ತಿ ಅಂಟಿಸಿದ್ದಾರೆ. ಅವನು ಬೇರೇನೋ ಹೇಳಿರುತ್ತಾನೆ.

ರೋಸ್ ಆದ ಹುಡುಗಿ ಮದುವೆಯವರೆಗೆ ಗೇಟು ದಾಟಬಾರದು ಅಂತ ಮಮ್ಮಿ ಅಡ್ಡ ನಿಂತರು. ಫೋನಿನಲ್ಲಿ ಕೇಳಬಹುದಿತ್ತು, ಆದರೆ ನನಗೆ ಅವನ ಮುಖ ನೋಡಬೇಕಿತ್ತು. ಏವ್ರಿಲ್ ಕುರ್ಚಿ ಹಿಡಿದಳು, ನಾನು ಸ್ಕೂಟರಿಗೆ ಜಾರಿ ಕುಳಿತೆ. ನಂತೂರಿನಲ್ಲಿ ಬ್ಲಾಕ್ ಆಗಿ ನಿಂತಿದ್ದಾಗ ಬಸ್ಸಿನ ಕಿಟಕಿಯಿಂದ ಒಬ್ಬರು ನನ್ನ ಗುರುತು ಹಿಡಿದು, ನಿಮ್ಮ ಹುಡುಗ ದೇವರಂಥವನು ಅಂತ ಕೈ ಮುಗಿದರು. ನನ್ನ ತಲೆಗೂದಲಲ್ಲಿ ಇನ್ನೂ ತೆಂಗಿನಹಾಲಿನ ವಾಸನೆ ಇತ್ತು.

ಅವನ ಮನೆಯೆದುರು ಸ್ಕೂಟರ್ ನಿಲ್ಲಿಸಿದಾಗ ಶೆರ್ವಿನ್ ಗೇಟಿನ ಹೊರಗೆ ಓಡಿ ಬಂದ. ರೋಸ್ ಆದ ನಾನು ಹೊರಗೆ ಬರಬಾರದಿತ್ತು ಅಂತ ಗಾಬರಿ, ಜೊತೆಗೆ ಮುಖದ ತುಂಬ ಖುಷಿ. ವಿಡಿಯೊ ನೋಡಿದ ಗಲ್ಫಿನ ನೆಂಟರ ಫೋನು ಬೆಳಿಗ್ಗೆಯಿಂದ ನಿಲ್ಲುತ್ತಿಲ್ಲವಂತೆ. ನಾನು ವಿಷಯಕ್ಕೆ ಬಂದೆ. ನನ್ನ ನಗುವನ್ನು ಅಳು ಮಾಡಿದ್ದು, ನನ್ನ ಮಾತೆಲ್ಲ ಕಿತ್ತು ಹಾಕಿದ್ದು ಹೇಳಿದೆ. ಅವನು ನಿಜವಾಗಿಯೂ ಬೇಜಾರು ಮಾಡಿಕೊಂಡ, ಅದು ತಪ್ಪು, ಚಾನೆಲಿನವನಿಗೆ ಹೇಳಿ ಸರಿ ಮಾಡಿಸುತ್ತೇನೆ ಎಂದ. ನನಗೆ ಅರ್ಧ ಜೀವ ಬಂತು.

‘ನಿನ್ನದ್ರಲ್ಲಿ ಎಂತೆಲ್ಲ ಕಟ್ ಮಾಡಿದ್ದಾರೆ?’ ಎಂದು ಕೇಳಿದೆ.

‘ನಂದಾ? ಎಂತ ಕಟ್ ಮಾಡ್ಲಿಲ್ಲ. ನಾನು ಹೇಳಿದ್ದು ಪೂರಾ ಉಂಟು,’ ಅಂದ. ‘ಒಳ್ಳೆದಾಗಿದೆ ಅಲ್ವಾ?’

ಅವನ ಮುಖದಲ್ಲಿ ಕಪಟ ಹುಡುಕಿದೆ. ಇರಲಿಲ್ಲ. ಮಾರ್ಕ್ಸ್ ಕೇಳಲು ಬಂದ ವಿದ್ಯಾರ್ಥಿಯ ಹಾಗೆ ನನ್ನನ್ನೇ ನೋಡುತ್ತಾ ನಿಂತಿದ್ದ. ನನಗೆ ಹೆದರಿಕೆಯಾದದ್ದು ಅದಕ್ಕೇ. ಅವನು ಕೇಳಿದ್ದ, ಹೂಂ ಅಂದದ್ದು ನಾನು ಅಂತ ಅಂದುಕೊಂಡಿದ್ದೆ. ಅವನ ಪ್ರಕಾರ ನಾನು ಕೈಚಾಚಿದ್ದೆ, ಅವನು ಕೊಟ್ಟಿದ್ದ. ನಾಳೆಯಿಂದ ಪ್ರತಿದಿನ ಬೆಳಿಗ್ಗೆ ಎದ್ದು ಇದೇ ಮುಖಕ್ಕೆ ನಾನು ಥ್ಯಾಂಕ್ಸ್ ಹೇಳಬೇಕಿತ್ತು.

‘ನಾಳೆ ಮದುವೆ ಇಲ್ಲ, ಶೆರ್ವಿನ್,’ ಅಂದೆ.

ಜೋಕು ಅಂದುಕೊಂಡು ನಕ್ಕ. ನಾನು ನಗದಿದ್ದಾಗ ಅವನ ಮುಖ ಬಿಳುಚಿತು.

‘ಮತ್ತೆ ನಿನ್ನನ್ನು ನೋಡಿಕೊಳ್ಳುದು ಯಾರು ಮಾರಾಯ್ತಿ?’ ಎಂದ. ಸಿಟ್ಟಿನಿಂದಲ್ಲ, ನಿಜವಾದ ಕಾಳಜಿಯಿಂದ.

ನಾನು ಸ್ಕೂಟರ್ ತಿರುಗಿಸಿ ಚರ್ಚಿನ ಕಡೆ ಹೊರಟೆ. ಫಾದರ್‌ಗೆ ನಾನೇ ಹೇಳಬೇಕಿತ್ತು. ಸುದ್ದಿ ಶೆರ್ವಿನ್ ಬಾಯಿಂದ ಹೋದರೆ ಇದೂ ಒಂದು ಕರುಣೆಯ ಕಥೆಯಾಗುತ್ತಿತ್ತು.