ಕಾರು ಮರೆತ ಕೀ

ಕಾರಿನ ಕೀ ಮಾಡಿಸಲು ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಮನೆಯಲ್ಲಿರುವ ಕೀಗಳನ್ನೆಲ್ಲ ತಂದಿದ್ದೀರಾ? ಈಗಿನ ಕೀ ಬರೀ ಲೋಹದ ತುಂಡಲ್ಲ. ಅದರ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ, ಕಾರು ಅದರ ಗುರುತು ಹಿಡಿದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಎಷ್ಟೋ ಕಾರುಗಳಲ್ಲಿ ಹೊಸ ಕೀ ಸೇರಿಸಬೇಕಾದರೆ ಹಳೆಯ ಗುರುತುಗಳನ್ನೆಲ್ಲ ಅಳಿಸಿ, ಎದುರಿಗಿರುವ ಕೀಗಳನ್ನು ಒಂದೊಂದಾಗಿ ಮತ್ತೆ ಪರಿಚಯ ಮಾಡಿಸಬೇಕು. ಮನೆಯಲ್ಲೇ ಬಿಟ್ಟುಬಂದ ಕೀ ಬಾಗಿಲು ತೆಗೆಯುತ್ತದೆ, ಅಷ್ಟೇ.

ಸೋಮವಾರ ಮಧ್ಯಾಹ್ನ ನನ್ನ ತಂಗಿ ಕಾರು ಓಡಿಸಿಕೊಂಡು ಅಂಗಡಿಗೆ ಬಂದಳು. ಕೈಯಲ್ಲಿ ಒಂದು ಕೀ, ಕಾರಿನ ದಾಖಲೆ. ಮುಖ ಬಿಗಿದುಕೊಂಡಿತ್ತು. ಇನ್ನೊಂದು ಕೀ ಬೇಕು ಅಂದಳು. ಅಭ್ಯಾಸಬಲದಿಂದ ಅವಳಿಗೂ ಅದೇ ಪ್ರಶ್ನೆ ಹಾಕಿದೆ.

"ಎಷ್ಟು ಬೇಕೋ ಅಷ್ಟು ತಂದಿದೀನಿ, ಅಕ್ಕ."

ತರದೆ ಬಿಟ್ಟ ಕೀ ಅವಳ ಗಂಡನ ಜೇಬಿನಲ್ಲಿತ್ತು. ತಂಗಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಕಾರು ಅವಳ ದುಡಿಮೆಯದ್ದು, ಅವಳ ಹೆಸರಿನಲ್ಲೇ ಇದೆ. ಆದರೂ ಪಾಠವಿರುವ ದಿನವೇ ಆ ಮಹಾನುಭಾವನಿಗೆ ಎಲ್ಲಿಲ್ಲದ ಕೆಲಸ ಹುಟ್ಟಿಕೊಂಡು, ಹೇಳದೆ ಕೇಳದೆ ಕಾರು ಹತ್ತಿ ಹೊರಟುಬಿಡುತ್ತಿದ್ದ. ಕಲಿಯುವವರು ಕಾದು ಕಾದು ಬೇರೆ ಕಡೆ ಸೇರಿಕೊಂಡರು. ಉಳಿದವಳು ಅವರ ಬೀದಿಯ ದರ್ಜಿಯಮ್ಮ ಒಬ್ಬಳೇ. ಅವಳಿಗೆ ಮರುದಿನ ಬೆಳಿಗ್ಗೆ ಲೈಸೆನ್ಸ್ ಪರೀಕ್ಷೆ. ಅದೂ ತಪ್ಪಿದರೆ ತಂಗಿ ಈ ಕೆಲಸದ ಆಸೆಯನ್ನೇ ಬಿಡಬೇಕಿತ್ತು.

ಹಿಂದೆ ಅವಳು ಬಂದು ಅತ್ತಾಗಲೆಲ್ಲ, ಹೊಂದಿಕೊಂಡು ಹೋಗು ಎಂದು ದೊಡ್ಡವಳಂತೆ ಬುದ್ಧಿ ಹೇಳಿ ಕಳಿಸಿದವಳು ನಾನೇ. ನೆನೆದು ನಾಚಿಕೆಯಾಯಿತು, ಅವನ ಮೇಲೆ ಸಿಟ್ಟೂ ಬಂತು. ದಾಖಲೆಯಲ್ಲಿ ಹೆಸರು ನೋಡಿಕೊಂಡು, ನನ್ನ ಪುಸ್ತಕದಲ್ಲಿ 'ಯಜಮಾನರು' ಎಂದಿರುವ ಕಡೆ ಅವಳ ಸಹಿ ಹಾಕಿಸಿದೆ. ಸ್ಟೀರಿಂಗ್ ಕೆಳಗೆ ಗುರುತು ಅಳಿಸಿ ಬರೆಯುವ ಯಂತ್ರದ ವೈರು ಸಿಕ್ಕಿಸಿದೆ. ಅವಳು ತಂದದ್ದು, ಹೊಸದು, ಎರಡೇ ಕೀಗಳನ್ನು ಕಾರಿಗೆ ಪರಿಚಯ ಮಾಡಿಸಿ ಕಳಿಸಿದೆ.

ಮರುದಿನ ಹನ್ನೊಂದಕ್ಕೆ ತಂಗಿಯ ಗಂಡ ಬೆವರು ಸುರಿಸುತ್ತ ನಡೆದುಕೊಂಡೇ ಅಂಗಡಿಗೆ ಬಂದ. ಬೆಳಿಗ್ಗೆ ಕಾರಿನ ಬಾಗಿಲು ತೆರೆಯಿತಂತೆ, ಎಂಜಿನ್ ಮಾತ್ರ ಕೆಮ್ಮಿ ಸುಮ್ಮನಾಯಿತಂತೆ. ಆಮೇಲೆ ತಂಗಿ ಬಂದು ಕೂತು ಒಂದೇ ಸಲಕ್ಕೆ ಚಾಲೂ ಮಾಡಿಕೊಂಡು ಹೋದಳಂತೆ. ತನ್ನ ಕೀ ಕೆಟ್ಟಿದೆ, ಸರಿ ಮಾಡಿಕೊಡಿ ಅಂದ.

ಕೀಯನ್ನು ಯಂತ್ರದಲ್ಲಿಟ್ಟು ನೋಡಿದ ಶಾಸ್ತ್ರ ಮಾಡಿದೆ.

"ಕೀ ಚೆನ್ನಾಗೇ ಇದೆ. ಕಾರಿಗೆ ನಿಮ್ಮ ಗುರುತು ಸಿಗ್ತಿಲ್ಲ."

ಅರ್ಥವಾಗುತ್ತಲೇ ಅವನ ಮುಖ ಕೆಂಪಾಯಿತು. ಈಗಲೇ ಸೇರಿಸಿ ಎಂದು ಮೇಜು ಗುದ್ದಿದ. ಯಜಮಾನರು ಬಂದು ಸಹಿ ಹಾಕಿದರೆ ಸೇರಿಸಲು ನನ್ನದೇನೂ ಅಡ್ಡಿಯಿಲ್ಲ ಎಂದೆ.

"ಯಜಮಾನ ನಾನೇ ಅಲ್ವಾ, ಅಕ್ಕ?"

ಪುಸ್ತಕ ತಿರುಗಿಸಿ ಅವನ ಮುಂದಿಟ್ಟೆ. ಓದಿದ. ಓದಿ ಮುಗಿದ ಮೇಲೂ ತಲೆ ಎತ್ತಲಿಲ್ಲ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಕಾರು ಅಂಗಡಿಯ ಮುಂದೆ ಬಂದು ನಿಂತಿತು. ಓಡಿಸಿಕೊಂಡು ಬಂದವಳು ದರ್ಜಿಯಮ್ಮ, ಪಾಸಾಗಿದ್ದಳು. ಪಕ್ಕದಲ್ಲಿ ತಂಗಿ ಕೈಕಟ್ಟಿ ಕೂತಿದ್ದಳು. ಅವನು ಹೊರಗೆ ಹೋಗಿ, ಕಿಟಕಿಯಲ್ಲಿ ಕೀ ಚಾಚಿ, ಇದನ್ನು ಸೇರಿಸಲು ನಿಮ್ಮಕ್ಕನಿಗೆ ಹೇಳು ಎಂದ. ತಂಗಿ ಕೀ ಕಡೆ ನೋಡಲೇ ಇಲ್ಲ.

"ಹಿಂದಿನ ಸೀಟು ಖಾಲಿ ಇದೆ," ಅಂದಳು. "ಬರೋದಾದ್ರೆ ಕೂತ್ಕೊಳ್ಳಿ, ಮನೆ ಹತ್ರ ಬಿಡ್ತೀವಿ."

ಕೂತ. ಬಾಗಿಲು ಸರಿಯಾಗಿ ಹಾಕಿಕೊಳ್ಳಿ ಎಂದು ದರ್ಜಿಯಮ್ಮ ಎರಡು ಸಲ ಹೇಳಬೇಕಾಯಿತು.