ಕ್ಯಾಸೆಟ್ಟಿನೊಳಗಿನ ಮಗ್ಗ

ಶಿವಸಂಗಪ್ಪನ ಸೀರೆ ವಾಪಸ್ ಬಂತು ಎಂಬ ಸುದ್ದಿ ಇಳಕಲ್ಲಿನ ಆ ಓಣಿಯಲ್ಲಿ ಹಬ್ಬಲು ಒಂದು ಚಹಾ ಕುದಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನಲವತ್ತು ವರ್ಷ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಮನುಷ್ಯ. ಅವನು ನೇಯ್ದದ್ದನ್ನು ವ್ಯಾಪಾರಿಗಳು ಬಿಚ್ಚಿ ಕೂಡ ನೋಡದೆ ಗಂಟು ಕಟ್ಟುತ್ತಿದ್ದರು. ಅಂಥವನ ಒಂಬತ್ತು ಗಜದ ಸೀರೆಯಲ್ಲಿ, ಸೆರಗಿಗೆ ಇನ್ನೂ ಮಾರು ದೂರ ಇರುವಾಗ, ಒಂದು ಗೇಣಿನಷ್ಟು ಜಾಳು ಬಿದ್ದಿತ್ತು. ಬೆಳಕಿಗೆ ಹಿಡಿದರೆ ಆಚೆ ನಿಂತವರ ಮೂಗು ಕಾಣುತ್ತಿತ್ತು.

‘ಇದು ನನ್ನ ಕೈ ತಪ್ಪಲ್ಲ’ ಎಂದು ಶಿವಸಂಗಪ್ಪ ಓಣಿಯ ಕಟ್ಟೆಯ ಮೇಲೆ ಕೂತು ಹತ್ತು ಜನರ ಮುಂದೆ ಹೇಳಿದ. ‘ಅಕಿ ಬನಶಂಕರಿ ಕ್ಯಾಸೆಟ್ ಕೇಳಕೋತ ನೇಯಾಕ ಕುಂತಿದ್ದೆ. ಅದರಿಂದನ ಕೆಟ್ಟಿದ್ದು. ಸೋಮವಾರದಿಂದ ಆ ಕ್ಯಾಸೆಟ್ ನಮ್ಮ ಓಣ್ಯಾಗ ಬರಬಾರದು.’

ಹಿರಿಯ ಹೇಳಿದ ಮೇಲೆ ಎದುರಾಡುವವರು ಯಾರು? ಅದೇ ಕ್ಯಾಸೆಟ್ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರೆಲ್ಲ ಅವತ್ತು ತಮ್ಮ ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತ ಕೂತರು.

ಕ್ಯಾಸೆಟ್ಟಿನ ಕಥೆ ಇಷ್ಟು. ಬನಶಂಕರಿ ಹುನಗುಂದದ ಹುಡುಗಿ, ಹತ್ತನೇ ಈಯತ್ತೆ ಪಾಸಾದವಳು. ಎರಡು ವರ್ಷದ ಹಿಂದೆ, ತೊಂಬತ್ತೊಂಬತ್ತರಲ್ಲಿ, ಯಮನವ್ವನ ಮನೆಗೆ ಸೊಸೆಯಾಗಿ ಬಂದಳು. ಗಂಡ ಪ್ರಭುಲಿಂಗ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಮನೆಯ ಮಗ್ಗಕ್ಕೆ ಕೂರುತ್ತಿದ್ದವಳು ವಿಧವೆ ಅತ್ತೆ. ನೇಕಾರರ ಕೈಗೆ ಪುರುಸೊತ್ತಿಲ್ಲ, ಕಿವಿಗೆ ಮಾತ್ರ ದಿನವಿಡೀ ಪುರುಸೊತ್ತು. ಇದನ್ನು ಕಂಡುಕೊಂಡವಳೇ ಬನಶಂಕರಿ ತವರಿನಿಂದ ತಂದ ಟೇಪ್‌ರೆಕಾರ್ಡರನ್ನು ಪಡಸಾಲೆಯಲ್ಲಿಟ್ಟು ಕೆಂಪು ಗುಂಡಿ ಒತ್ತಿ ಮಾತಾಡತೊಡಗಿದಳು. ಅದಕ್ಕೆ ‘ಓಣಿ ಮಾತು’ ಎಂದು ಹೆಸರಿಟ್ಟಳು. ವಾರಕ್ಕೊಂದು ಕ್ಯಾಸೆಟ್. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯ ಅಹ್ಮದಸಾಬ ಹಳೆ ಕ್ಯಾಸೆಟ್ಟುಗಳ ಮೇಲೆ ಆರು ಕಾಪಿ ಮಾಡಿ ಕೊಡುತ್ತಿದ್ದ. ಬನಶಂಕರಿಯ ಮಾತು ಮುಗಿಯುತ್ತಲೂ ಹಿಂದಿನ ಯಾವುದೋ ಮದುವೆಯ ಬ್ಯಾಂಡು ಬಾರಿಸತೊಡಗಿ ಕೇಳುವವರನ್ನು ಬೆಚ್ಚಿಬೀಳಿಸುವುದೂ ಇತ್ತು.

ಅದರಲ್ಲಿ ಏನಿರುತ್ತಿತ್ತು ಎಂದರೆ ಏನಿರುತ್ತಿರಲಿಲ್ಲ ಎಂದೇ ಕೇಳಬೇಕು. ಕಲ್ಲಿನ ಚೂರಿನಲ್ಲಿ ಪುಟ್ಟ ಬಸವಣ್ಣನನ್ನು ಕೆತ್ತುವ ಸೋಮಲಿಂಗನ ಮಾತು. ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗಡೆಯಾಗಿ ನವನಗರಕ್ಕೆ ಹೋದ ಸತ್ಯವ್ವ, ಹೊಸ ಸೆಕ್ಟರಿನಲ್ಲಿ ಒಬ್ಬರ ಪರಿಚಯ ಒಬ್ಬರಿಗಿಲ್ಲದಿದ್ದರೂ ಶೇಂಗಾ ಚಟ್ನಿ ಮಾರುತ್ತ ನಲವತ್ತು ಮನೆಗಳ ಹೆಸರು ಕಲಿತದ್ದು. ರೊಟ್ಟಿ ಬಡಿಯುವ ದಾನಮ್ಮನ ಮಾತು ಬಂದ ವಾರವಂತೂ ಅವಳ ರೊಟ್ಟಿ ಹೆಂಚು ಒಲೆಯಿಂದ ಇಳಿಯಲಿಲ್ಲ, ಖಾನಾವಳಿಯವರು ಹುಡುಕಿಕೊಂಡು ಬಂದರು. ಬನಶಂಕರಿಗೆ ಇದೆಲ್ಲ ಜೀವವಾಗಿತ್ತು. ಈ ಊರಿಗೆ ಬಂದ ಮೇಲೆ ‘ಯಮನವ್ವನ ಸೊಸಿ’ ಎಂದು ಕರೆಸಿಕೊಂಡೇ ಓಡಾಡಿದವಳನ್ನು ಜನ ಹೆಸರು ಹಿಡಿದು ಕರೆಯತೊಡಗಿದ್ದು ಕ್ಯಾಸೆಟ್ಟಿನಿಂದ.

ಹಾಗಾಗಿ ಶಿವಸಂಗಪ್ಪನ ಅಪ್ಪಣೆ ಕೇಳಿದಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೆಳಿಗ್ಗೆ ಎದ್ದವಳೇ ಅವನ ಬಾಗಿಲಲ್ಲಿ ನಿಂತಳು.

‘ಕಾಕಾ, ಸೀರಿ ತೋರಸ್ರಿ.’

‘ನೋಡಿ ಏನ್ ಮಾಡ್ತಿ?’

‘ನನ್ನ ಕ್ಯಾಸೆಟ್ ಕೆಡಸೇತಿ ಅಂದೀರಿ. ಎಷ್ಟ ಕೆಡಸೇತಿ ನೋಡಬೇಕಲ್ರಿ.’

ಶಿವಸಂಗಪ್ಪ ಗೊಣಗುತ್ತ ಸೀರೆ ಬಿಚ್ಚಿದ. ಬನಶಂಕರಿ ಜಾಳಾದ ಜಾಗದ ಮೇಲೆ ಬೆರಳಾಡಿಸಿದಳು. ಎಳೆ ತಪ್ಪಿರಲಿಲ್ಲ, ಬಣ್ಣ ಕೆಟ್ಟಿರಲಿಲ್ಲ. ಅಡ್ಡ ಹಾಯುವ ಹೊಕ್ಕಿನ ನೂಲು ಒತ್ತಿ ಕೂತಿರಲಿಲ್ಲ, ಅಷ್ಟೇ.

‘ಇದನ್ನ ನೇಯುವಾಗ ಕ್ಯಾಸೆಟ್ಟಿನ್ಯಾಗ ಏನ ನಡದಿತ್ರಿ?’

‘ದಾನಮ್ಮ ಹೇಳಾಕತ್ತಿದ್ದಳು. ಹಳೇ ಜ್ವಾಳದ ಹಿಟ್ಟಿಗೆ ಬಿಸಿನೀರ ಹೆಂಗ ಹಾಕಬೇಕಂತ. ಮುಂದ ಅಕಿ ಗಂಡ ರೊಟ್ಟಿ ಬಡಿಯಾಕ ಹೋಗಿ ಕೈ ಸುಟ್ಟಕೊಂಡಿದ್ದು ಹೇಳಿ ನಕ್ಕಳಲ್ಲ, ಅಲ್ಲೀಮಟ.’ ಇಷ್ಟು ಹೇಳಿದ ಮೇಲೆ, ಬಯ್ಯಲು ಕೂತವನು ಕ್ಯಾಸೆಟ್ಟನ್ನು ಒಂದಕ್ಷರ ಬಿಡದೆ ಕೇಳಿದ್ದೇನೆ ಎಂದು ಒಪ್ಪಿಕೊಂಡಂತಾಯಿತಲ್ಲ ಎಂದು ಹೊಳೆದು ಅವನು ಸೀರೆ ಮಡಚಿದ. ‘ಹೋಗು ಹೋಗು, ಕೆಲಸ ಐತಿ.’

ಮನೆಗೆ ಬಂದು ಬನಶಂಕರಿ ಅದೇ ಕ್ಯಾಸೆಟ್ ಹಾಕಿ ಕಿವಿ ಹಚ್ಚಿದಳು. ಈ ಸಲ ದಾನಮ್ಮನ ಮಾತನ್ನು ಬಿಟ್ಟು ಅದರ ಹಿಂದಿನದನ್ನು ಕೇಳಿದಳು. ಹಿಂದೆ ಮಗ್ಗವಿತ್ತು. ಮಾತು ಹಿಡಿಯುವ ಹೊತ್ತಿನಲ್ಲಿ ಒಳಗೆ ಅತ್ತೆ ನೇಯುತ್ತಿದ್ದಳು. ಹೊಕ್ಕಿಗೆ ಎರಡು ಪೆಟ್ಟು, ಟಕ್ ಟಕ್. ಓಣಿಯಲ್ಲಿ ಒಳ್ಳೆ ನೇಯ್ಗೆಯ ಲೆಕ್ಕವೇ ಅದು: ಲಾಳಿ ಒಮ್ಮೆ ಹೋದರೆ ಹಲಗೆ ಎರಡು ಸಲ ಬಡಿಯಬೇಕು, ಆಗಲೇ ನೂಲು ಒತ್ತಿ ಕೂರುವುದು. ದಾನಮ್ಮ ಬಿಸಿನೀರಿನ ಮಾತಿಗೆ ಬಂದಳು. ಟಕ್. ಸ್ವಲ್ಪ ತಡೆದು ಮತ್ತೊಂದು ಟಕ್. ಎರಡರ ಜಾಗದಲ್ಲಿ ಒಂದೇ ಪೆಟ್ಟು. ದಾನಮ್ಮ ಗಂಡನ ಕೈ ಸುಟ್ಟದ್ದು ಹೇಳಿ ನಗುವವರೆಗೂ ಒಂದೇ. ಆಮೇಲೆ ಮತ್ತೆ ಎರಡು.

ಬನಶಂಕರಿ ಹಿಂದಕ್ಕೆ ತಿರುಗಿಸಿ ಮೂರು ಸಲ ಕೇಳಿದಳು. ಶಿವಸಂಗಪ್ಪ ಮಾತಿನಲ್ಲಿ ಮೈಮರೆತಿದ್ದಾಗ ಅವನ ಕೈ, ಕ್ಯಾಸೆಟ್ಟಿನೊಳಗಿನ ಮಗ್ಗದ ಜೊತೆ ನಡೆದುಬಿಟ್ಟಿತ್ತು. ಅದು ಎರಡು ಬಡಿದಾಗ ಇವನೂ ಎರಡು, ಅದು ಒಂದು ಬಡಿದಾಗ ಇವನೂ ಒಂದು. ನೇಕಾರನಲ್ಲದವನಿಗೆ ಇಂಥ ತಪ್ಪು ಮಾಡೆಂದರೂ ಬರುವುದಿಲ್ಲ.

ತಪ್ಪು ಸಿಕ್ಕಿತು, ಆದರೆ ಸಿಕ್ಕಿದ್ದು ತನ್ನ ಮನೆಯಲ್ಲೇ. ಇದನ್ನು ಓಣಿಗೆ ಹೇಳಿದರೆ ಕ್ಯಾಸೆಟ್ ಉಳಿಯುತ್ತದೆ, ಅತ್ತೆಯ ಮರ್ಯಾದೆ ಹೋಗುತ್ತದೆ. ಯಮನವ್ವನ ಕೈ ಸೋತಿದೆ ಎಂದು ಗೊತ್ತಾದರೆ ನಾಳೆಯಿಂದ ಅವಳಿಗೆ ಯಾರೂ ನೂಲು ಕೊಡುವುದಿಲ್ಲ. ಎರಡು ವರ್ಷ ಅದೇ ಸಪ್ಪಳದೊಳಗೆ ಅಡುಗೆ ಮಾಡಿ, ಮುಸುರೆ ತಿಕ್ಕಿ, ಮಲಗಿ ಎದ್ದವಳಿಗೆ ಅದು ಸೋಲುತ್ತಿದೆ ಎಂಬುದು ಕೇಳಿಸಿರಲೇ ಇಲ್ಲವಲ್ಲ! ಬನಶಂಕರಿಗೆ ತನ್ನ ಕಿವಿಯ ಮೇಲೆಯೇ ನಾಚಿಕೆಯಾಯಿತು. ಓಣಿಗೆ ಹೇಳಬಾರದು ಎಂದು ಆ ಕ್ಷಣವೇ ನಿರ್ಧರಿಸಿದಳು. ಅತ್ತೆಯನ್ನು ಮಾತ್ರ ಕೇಳದೆ ಬಿಡಬಾರದು ಎಂದೂ ನಿರ್ಧರಿಸಿದಳು.

‘ಅತ್ತಿ, ಭುಜಾ ಯಾವಾಗಿಂದ ನೋಯಾಕತ್ತೇತಿ?’

ಯಮನವ್ವ ಲಾಳಿ ನಿಲ್ಲಿಸಲಿಲ್ಲ. ‘ಯಾರ ಹೇಳಿದ್ರು ನಿನಗ?’

‘ನೀವ ಹೇಳೀರಿ. ಕೇಳ್ರಿ’ ಎಂದು ಬನಶಂಕರಿ ಟೇಪ್ ತಂದು ಮಗ್ಗದ ಪಕ್ಕ ಇಟ್ಟು ಹಚ್ಚಿದಳು.

ಯಮನವ್ವ ಕೇಳಿದಳು. ಮೊದಲು ಮುಖ ಬಿಗಿಯಿತು, ಆಮೇಲೆ ಬಲಗೈ ತಾನಾಗಿ ಭುಜಕ್ಕೆ ಹೋಯಿತು. ‘ಹೋದ ದೀಪಾವಳಿಯಿಂದ’ ಎಂದಳು. ‘ದವಾಖಾನಿಗೆ ಹೋದ್ರ ಮಗ್ಗ ಬಿಡು ಅಂತಾರ. ಬಿಟ್ಟು ಏನ ಮಾಡ್ಲಿ? ನಿಮ್ಮ ಮಾವ ಸತ್ತ ಹದಿಮೂರನೇ ದಿನಕ್ಕ ಈ ಕುಣಿಗೆ ಇಳದಾಕಿ ನಾ. ಹೆಂಗಸು ಏನ ನೇಯತಾಳ ಅಂತ ನಕ್ಕರು. ನಕ್ಕವರ ಬಾಯಿ ಮುಚ್ಚಸಾಕ ನಾಕು ವರ್ಷ ಬೇಕಾತು.’

‘ನಾ ಯಾರಿಗೂ ಹೇಳೂದಿಲ್ರಿ. ಕ್ಯಾಸೆಟ್ ನಿಂತ್ರ ನಿಲ್ಲಲಿ.’

‘ನಿಲ್ಲಲಿ ಅಂತಿ. ನಿನ್ನ ಮಾರಿ ನೋಡಿದ್ರ ಹಂಗ ಕಾಣವಲ್ದು.’

‘ಖರೆ ಹೇಳಬೇಕಂದ್ರ ನನಗ ಸಂಕಟ ಆಗತೈತಿ. ಆದ್ರ ನಿಮ್ಮನ್ನ ಮಾರಕೊಂಡು ನಾ ಮಾತಾಡೂದಿಲ್ಲ.’

ಯಮನವ್ವ ಮತ್ತೆ ಹಲಗೆ ಬಡಿದಳು. ಎರಡು ಪೆಟ್ಟು, ಬೇಕೆಂದೇ ಜೋರಾಗಿ. ಮೂರು ಹೊಕ್ಕು ಹೋಗುವಷ್ಟರಲ್ಲಿ ಕೈ ನಿಂತಿತು.

ಮರುದಿನ ಅಮಾವಾಸ್ಯೆ. ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ, ಓಣಿಗೆ ಓಣಿಯೇ ಸಪ್ಪಳವಿಲ್ಲದೆ ಬಿಕೋ ಎನ್ನುತ್ತಿತ್ತು. ಮಗ್ಗಕ್ಕೆ ಪೂಜೆ ಮಾಡಿ ಎದ್ದ ಯಮನವ್ವ ಸೆರಗು ಸರಿಮಾಡಿಕೊಂಡು ಪಡಸಾಲೆಯಲ್ಲಿ ಟೇಪಿನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

‘ಹಚ್ಚು ಅದನ್ನ.’

‘ಅತ್ತಿ, ಬ್ಯಾಡ್ರಿ.’

‘ಹಚ್ಚು ಅಂದೆ. ದಾನಮ್ಮನ ಮಾತ ಕೇಳಿದ್ರು, ಸತ್ಯವ್ವನ ಮಾತ ಕೇಳಿದ್ರು. ನನಗೇನ ಬಾಯಿ ಇಲ್ಲೇನು?’

ಸೋಮವಾರ ಬೆಳಿಗ್ಗೆ ಬನಶಂಕರಿ ಟೇಪನ್ನು ಕಂಕುಳಲ್ಲಿ ಇರುಕಿಕೊಂಡು ಓಣಿಯ ನಡುವೆಯೇ ನಡೆದು ಶಿವಸಂಗಪ್ಪನ ಮನೆಗೆ ಹೋದಳು. ಬರಬಾರದು ಎಂದ ಕ್ಯಾಸೆಟ್ ಅಂದೇ, ಅದೂ ಅಪ್ಪಣೆ ಕೊಟ್ಟವನ ಮನೆಗೇ ಹೋಗುತ್ತಿರುವುದನ್ನು ನೋಡಿ ಬಾಗಿಲು ಬಾಗಿಲಿಗೂ ಒಂದೊಂದು ತಲೆ ಹೊರಬಂತು.

‘ಕಾಕಾ, ಮಗ್ಗ ನಿಲ್ಲಸ್ರಿ.’

‘ಇವತ್ತೇನ ಅಮಾಸಿ ಅಲ್ಲ.’

‘ಗೊತ್ತೈತಿ. ಒಮ್ಮೆ ಕೇಳ್ರಿ. ಕೇಳಿದ ಮ್ಯಾಲೂ ಬ್ಯಾಡ ಅಂದ್ರ ನಿಮ್ಮ ಮುಂದನ ರೀಲ್ ಹರದ ಹೋಗ್ತೇನಿ. ಕೇಳೂಮಟ ಮಾತ್ರ ಇಲ್ಲಿಂದ ಏಳೂದಿಲ್ಲ.’

ಅವಳು ನೆಲದ ಮೇಲೆ ಕೂತೇಬಿಟ್ಟಳು. ಶಿವಸಂಗಪ್ಪ ಏಳುವ ಗಿರಾಕಿ ಇವಳಲ್ಲ ಎಂದು ತಿಳಿದು ಕಾಲು ನಿಲ್ಲಿಸಿದ. ಕೆಲಸದ ದಿನ ಅವನ ಮಗ್ಗ ನಿಂತದ್ದು ಕೇಳಿ ಪಕ್ಕದ ಮನೆಯ ಗುರುಸಿದ್ದವ್ವ ಏನಾಯಿತೋ ಎಂದು ಗಾಬರಿಯಾಗಿ ಬಂದು ಕಂಬ ಹಿಡಿದು ನಿಂತಳು.

‘ಶಿವಸಂಗಪ್ಪ, ನಾ ಯಮನವ್ವ ಮಾತಾಡಾಕತ್ತೇನಿ’ ಎಂದಿತು ಟೇಪು. ಹಿಂದೆ ಯಾವ ಸಪ್ಪಳವೂ ಇರಲಿಲ್ಲ. ‘ನಿನ್ನ ಸೀರಿ ಕೆಟ್ಟದ್ದು ನನ್ನ ಕೈಯಿಂದ. ಆ ಕ್ಯಾಸೆಟ್ಟಿನ್ಯಾಗ ನೇಯಾಕತ್ತಾಕಿ ನಾನ. ಭುಜಾ ಬ್ಯಾನಿ ತಾಳಲಾರದ ಒಂದ ಪೆಟ್ಟ ಹಾಕೇನಿ, ನಿನ್ನ ಕೈ ಅದನ್ನ ಕೇಳಿ ನನ್ನ ಜೋಡಿ ಬಂದೈತಿ. ಒಂದ ಪೆಟ್ಟಿನ ನೇಯಿಗಿ ನಾ ಮಾರಿಲ್ಲ, ರಾತ್ರಿ ಬಿಚ್ಚಿ ಬೆಳಿಗ್ಗೆ ಮತ್ತ ನೇಯ್ದೇನಿ. ನಿನ್ನ ಕೈ ಚೊಲೋ ಐತಿ. ಕೆಟ್ಟದ್ದು ನಂದು. ಹುಡಿಗಿ ಮ್ಯಾಲ ಸಿಟ್ಟ ಆಗಬ್ಯಾಡ.’

ಮಾತು ಮುಗಿಯಿತು. ಶಿವಸಂಗಪ್ಪ ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

‘ನಾಕು ದಿನಾ ಆತು ತಂಗಿ, ಅನ್ನ ಒಳಗ ಇಳದಿಲ್ಲ. ಸೀರಿ ಬಂದಾಗ ನನ್ನ ಕೈ ಮುಗೀತು ಅಂತ ತಿಳದಿದ್ದೆ. ಕೈ ಹೋದ ಮ್ಯಾಲ ಶಿವಸಂಗಪ್ಪ ಅಂದ್ರ ಏನ ಉಳೀತು? ಅದನ್ನ ಯಾರ ಮುಂದ ಹೇಳ್ಲಿ? ನಿನ್ನ ಕ್ಯಾಸೆಟ್ ಮ್ಯಾಲ ಹಾಕಿದೆ.’

ಬನಶಂಕರಿಗೆ ನಾಲ್ಕು ದಿನದಿಂದ ಕಟ್ಟಿಕೊಂಡು ಬಂದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

‘ಅಕಿ ಕೈ ಖರೇನ ಹೋಗೇತಿ, ಆದ್ರೂ ಅಕಿ ಹೇಳಿದಳು’ ಎಂದ ಶಿವಸಂಗಪ್ಪ. ‘ನಂದು ಹೋಗಿಲ್ಲ, ನಾ ಹೇಳಲಿಲ್ಲ. ಮನೀಗೆ ಹೋಗಿ ಅಕಿಗೆ ಹೇಳು, ಕೈ ಸೋತೈತಿ ಅಂತ ಮಗ್ಗ ಬಿಚ್ಚೂದು ಬ್ಯಾಡ. ಕುಣಿಗೆ ನೀ ಇಳಿ. ದಿನಾ ಮುಂಜಾನೆ ಬಂದು ನಾ ಕಲಸ್ತೇನಿ, ಅಕಿ ಕುಂತು ನೋಡ್ಲಿ.’

‘ಇಳೀತೇನ್ರಿ. ಕ್ಯಾಸೆಟ್ಟೂ ನಿಲ್ಲಸೂದಿಲ್ಲ. ಮಗ್ಗ ನಿಂತಾಗಷ್ಟ ಮಾತ ಹಿಡೀತೇನಿ.’

‘ಈಗ ನಿಂತೈತಲ್ಲ’ ಎಂದು ಶಿವಸಂಗಪ್ಪ ಕುಣಿಯಿಂದ ಮೇಲೆ ಬಂದು ಅವಳ ಎದುರು ಕೂತ. ಬನಶಂಕರಿ ಅತ್ತೆಯ ಮಾತು ಮುಗಿದಲ್ಲಿಂದಲೇ ಮುಂದಕ್ಕೆ ಕೆಂಪು ಗುಂಡಿ ಒತ್ತಿದಳು. ರೀಲು ತಿರುಗತೊಡಗಿತು. ಅವನು ಟೇಪಿನ ಹತ್ತಿರ ಬಗ್ಗಿದ.

‘ಓಣಿ ಮಂದಿ, ನಾ ಶಿವಸಂಗಪ್ಪ. ಯಮನವ್ವ ಹೇಳಿದ್ದು ಕೇಳಿದ್ರಲ್ಲ, ಈಗ ನಂದೂ ಕೇಳ್ರಿ. ಕ್ಯಾಸೆಟ್ಟಿಂದು ಏನೂ ತಪ್ಪಿರಲಿಲ್ಲ. ನಾ ಅಂಜಿದ್ದೆ.’