ನೊನ್ನಾಳ ಹಾಡಿನಲ್ಲಿ ಒಂದು ಉಸಿರು

ಆ ಚಳಿಗಾಲವೆಲ್ಲ ಗ್ಲೇಬ್ ಅಡುಗೆಮನೆಯಲ್ಲೇ ಕೂತು ಹಾಡು ಬರೆದ. ಹೆಂಡತಿ ರಿಮ್ಮಾ ಸೌಟು ಪಾತ್ರೆಗೆ ತಾಗದ ಹಾಗೆ ಗಂಜಿ ಕಲಕುತ್ತಿದ್ದಳು. ಯಾರ ಹಾಡು ಎಂದು ಕೇಳಿದರೆ, "ಅಗಲಿದವರನ್ನ ನೆನೆಯೋ ಶನಿವಾರಕ್ಕೆ. ಸತ್ತವರಿಗೆಲ್ಲ ಸೇರಿ ಒಂದೇ," ಎನ್ನುತ್ತಿದ್ದ.

ಸತ್ತವರಿಗೆಲ್ಲ ಸೇರಿ ಅಂತೆ! ಸ್ವರದ ಹಾಳೆ ಕೈಗೆ ಬಂದ ದಿನವೇ ರಿಮ್ಮಾಳಿಗೆ ತಿಳಿದುಹೋಯಿತು.

ಗ್ಲೇಬ್ ಕಿನೇಶ್ಮಾ ಊರಿನಲ್ಲಿ, ವೋಲ್ಗಾ ನದಿ ದಡದ ಒಂದು ಚರ್ಚಿನಲ್ಲಿ ಗಾಯಕರ ತಂಡ ನಡೆಸುವವನು. ಅವನ ಮೊದಲ ಹೆಂಡತಿ ನೊನ್ನಾ ಅದೇ ತಂಡದಲ್ಲಿ ಮೇಲಿನ ದನಿ ಹಾಡುತ್ತಿದ್ದಳು. ಏಳು ವರ್ಷದ ಹಿಂದೆ ಕಾಯಿಲೆ ಬಿದ್ದವಳು ಮತ್ತೆ ಏಳಲಿಲ್ಲ. ರಿಮ್ಮಾ ಆಗಲೂ ತಂಡದಲ್ಲಿದ್ದಳು, ಕೆಳಗಿನ ಹೆಣ್ಣುದನಿಯವರ ಸಾಲಿನಲ್ಲಿ, ನೊನ್ನಾಳ ಬೆನ್ನ ಹಿಂದೆಯೇ. ತಲೆವಸ್ತ್ರದೊಳಗಿನ ಆ ತುರುಬನ್ನು ನೋಡಿಕೊಂಡೇ ಎಷ್ಟೋ ಈಸ್ಟರ್ ಕಳೆದಿದ್ದಳು. ಹಾಗಾಗಿ ಆ ಗಂಟಲನ್ನು ಅವಳಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಒಂದು ಎತ್ತರಕ್ಕೆ ಹೋದಾಗ ನೊನ್ನಾಳ ದನಿ ಕಿಟಕಿ ತೆಗೆದ ಹಾಗೆ ತೆರೆದುಕೊಳ್ಳುತ್ತಿತ್ತು. ಅದಕ್ಕಿಂತ ಒಂಚೂರು ಮೇಲೆ ಹೋದರೂ ಗೀರಲು. ಗ್ಲೇಬನ ಹೊಸ ಹಾಡಿನ ಒಂಟಿದನಿ ಮತ್ತೆ ಮತ್ತೆ ಆ ಎತ್ತರಕ್ಕೇ ಹೋಗಿ ನಿಲ್ಲುತ್ತಿತ್ತು. ಒಂದು ಸಲವೂ ದಾಟುತ್ತಿರಲಿಲ್ಲ. ಹಾಳೆಯ ತಲೆಯಲ್ಲಿ ಯಾರ ಹೆಸರೂ ಇರಲಿಲ್ಲ. ಇರುವ ಅಗತ್ಯವಾದರೂ ಏನಿತ್ತು?

ರಿಮ್ಮಾಳ ಪಾಲಿಗೆ ಬಂದದ್ದು ಒಂದೇ ಸ್ವರ. ಮೊದಲಿಂದ ಕೊನೆಯವರೆಗೂ ಅದೇ.

"ಏನೇ ಇದು, ನಿನ್ನ ಗಂಡ ಒಂದು ಮೊಳೆ ಹೊಡೆದು ನಮ್ಮಿಬ್ಬರನ್ನೂ ಅದಕ್ಕೇ ನೇತುಹಾಕಿದಾನೆ?" ಎಂದಳು ಪಕ್ಕದ ಫೈನಾ ಲುಕಿನಿಚ್ನಾ. ಎಪ್ಪತ್ತು ದಾಟಿದ ಮುದುಕಿ. ತಂಡದಲ್ಲಿ ಕೆಳಗಿನ ಹೆಣ್ಣುದನಿ ಎಂದರೆ ಇವಳು ಮತ್ತು ರಿಮ್ಮಾ ಇಬ್ಬರೇ.

"ಸುಲಭ ಅಲ್ವಾ? ಮರೆಯೋ ಹಾಗೇ ಇಲ್ಲ," ಎಂದಳು ರಿಮ್ಮಾ.

"ಸುಲಭವಂತೆ! ನನ್ನ ಯಜಮಾನರೂ ಹೀಗೇ ಇದ್ರು ಕಣೆ, ಬಾಯಿ ಬಿಟ್ರೆ ಒಂದೇ ಸ್ವರ. ಕೇಳೀ ಕೇಳೀ ಕಿವಿ ಹೋಯ್ತು."

ಕಷ್ಟವಿದ್ದದ್ದು ಉಸಿರಿನಲ್ಲಿ. ಆ ಸ್ವರ ಎಲ್ಲೂ ಕಡಿಯಬಾರದು. ಒಬ್ಬಳು ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬಳು ಹಿಡಿದು ನಿಲ್ಲಬೇಕು, ಕೇಳುವವರಿಗೆ ಯಾರೂ ಉಸಿರೇ ಆಡಿಲ್ಲ ಅನ್ನಿಸಬೇಕು. ಮೂರನೇ ಪುಟದಲ್ಲಂತೂ ಗಂಡುದನಿಗಳೆಲ್ಲ ನಿಂತುಬಿಡುತ್ತಿದ್ದವು. ಮೇಲೆ ಒಂಟಿದನಿಯ ಹುಡುಗಿ ಲಾದಾ, ಕೆಳಗೆ ಇವರಿಬ್ಬರು, ಅಷ್ಟೇ.

"ಸಾಲಿನ ಕೊನೇಲಿ ನಾನು ಉಸಿರು ತಗೋತೀನಿ, ನೀನು ಹಿಡ್ಕೊಂಡಿರು," ಎಂದು ಫೈನಾ ಬೆರಳಿಟ್ಟು ತೋರಿಸಿದಳು. "ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದ್ವೋ, ಆ ಹುಡುಗಿ ಬಾವಿಗೆ ಬಿದ್ದ ಹಾಗೇ."

ಅಭ್ಯಾಸದಲ್ಲಿ ಗ್ಲೇಬ್ ಲಾದಾಳನ್ನು ಮತ್ತೆ ಮತ್ತೆ ನಿಲ್ಲಿಸುತ್ತಿದ್ದ.

"ಒತ್ತಬೇಡಮ್ಮ. ಬಾಯಿ ತೆಗೆಯೋ ಮುಂಚೆ ಒಂಚೂರು ನಗು. ಯಾರಿಗೂ ಕಾಣಬಾರದು, ದನಿಗೆ ಮಾತ್ರ ಗೊತ್ತಾಗಬೇಕು."

ರಿಮ್ಮಾಳ ಕಿವಿ ಬಿಸಿಯಾಯಿತು. ಹಾಗೆ ನಗುತ್ತಿದ್ದವಳು ಯಾರೆಂದು ಫೈನಾಳಿಗೂ ಗೊತ್ತಿತ್ತು. ಮುದುಕಿ ಹಾಳೆಯಿಂದ ಕಣ್ಣೆತ್ತಲಿಲ್ಲ.

ಬದುಕಿರುವ ಸವತಿಯಾದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಸತ್ತವಳಿಗೆ ವಯಸ್ಸಾಗುವುದಿಲ್ಲ. ಅವಳು ಮಾಡಿದ ಗಂಜಿ ತಳ ಹಿಡಿಯುವುದಿಲ್ಲ. ಅವಳ ಗಂಟಲು ಒಮ್ಮೆಯೂ ಕಟ್ಟುವುದಿಲ್ಲ. ಮದುವೆಯಾಗಿ ನಾಲ್ಕು ವರ್ಷ ಗಂಡನ ಹರಿದ ಸ್ವೆಟರ್ ಹೊಲಿದದ್ದು, ಬೆನ್ನಿಗೆ ಮುಲಾಮು ಉಜ್ಜಿದ್ದು ರಿಮ್ಮಾ. ಹಾಡು ಹುಟ್ಟಿದ್ದು ಮಾತ್ರ ಆ ಸತ್ತವಳಿಗೆ.

"ನಾನು ಸತ್ತರೆ ನಂಗೂ ಒಂದು ಬರೀತೀಯಾ?" ಎಂದು ಕೇಳಿದಳು ಒಂದು ಸಂಜೆ, ಟೀ ಬಗ್ಗಿಸುತ್ತ.

"ಏನು ಮಾತು ಅಂತ ಆಡ್ತೀಯ."

"ಎಷ್ಟು ಪುಟ ಬರೀತೀಯ?"

"ರಿಮ್ಮಾ."

"ಅಲ್ಲಾ, ಅವಳಿಗೆ ನಾಲ್ಕು ಪುಟ. ನಂಗೆ ಒಂದು ಸ್ವರ. ಅದನ್ನೂ ಫೈನಾ ಜೊತೆ ಹಂಚ್ಕೋಬೇಕು."

"ಯಾರಿಗೆ ನಾಲ್ಕು ಪುಟ?" ಗ್ಲೇಬ್ ತಲೆಯೆತ್ತಿದ.

"ಯಾರಿಗೂ ಇಲ್ಲ. ಸಕ್ಕರೆ ಹಾಕ್ಕೋ."

ಶನಿವಾರ ಹೊರಗೆ ಕೊರೆಯುವ ಚಳಿ, ಚರ್ಚಿನೊಳಗೆ ಕಾಲಿಡಲು ಜಾಗವಿಲ್ಲ. ಸತ್ತವರ ನೆನಪಿಗೆಂದು ಇಟ್ಟ ಮೇಜಿನ ಮೇಲೆ ಜೇನು, ಒಣದ್ರಾಕ್ಷಿ ಹಾಕಿ ಬೇಯಿಸಿದ ಗೋಧಿಯ ಬಟ್ಟಲುಗಳು, ಮೇಣದಬತ್ತಿಗಳು. ಪಾದ್ರಿ ಹೆಸರುಗಳನ್ನು ಓದುತ್ತ ಹೋದರು. ತಂಡದ ಜೊತೆ ಮೇಲಿನ ಅಟ್ಟದಲ್ಲಿ ನಿಂತಿದ್ದ ರಿಮ್ಮಾ ಗಂಡನನ್ನೇ ನೋಡುತ್ತಿದ್ದಳು. ನೂರಾರು ಹೆಸರುಗಳಿಗೆ ಅಲುಗದ ಅವನ ಭುಜ "ನೊನ್ನಾ" ಎಂದಾಗ ನೆಟ್ಟಗಾಯಿತು. ಆಮೇಲೆ ಅವನು ಕೈ ಎತ್ತಿದ.

ಮೊದಲೆರಡು ಪುಟ ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ ಗಂಡುದನಿಗಳು ಅಡಗಿದವು. ಲಾದಾ ಆ ಎತ್ತರಕ್ಕೆ ಹೋಗಿ ನಿಂತಳು. ಯಾರಿಗೂ ಕಾಣದ ಹಾಗೆ ನಗುತ್ತಿದ್ದಳು. ಸಾಲಿನ ಕೊನೆಯಲ್ಲಿ ಫೈನಾ ಉಸಿರಿಗೆಂದು ನಿಂತಳು.

ರಿಮ್ಮಾ ಬಾಯಿ ಮುಚ್ಚಿದಳು.

ವಾರದಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು, ಮುಚ್ಚಿಬಿಡುತ್ತೇನೆ ಎಂದು. ನಿಜವಾಗಿ ಮುಚ್ಚುತ್ತೇನೆ ಎಂದು ಅವಳಿಗೇ ನಂಬಿಕೆಯಿರಲಿಲ್ಲ. ಕೆಳಗಿನ ಸ್ವರ ಕಡಿದುಹೋಯಿತು. ಲಾದಾಳ ದನಿ ತೂಗಾಡಿತು. ಫೈನಾ ಗಾಬರಿಯಲ್ಲಿ ಸ್ವರ ಹೊರಡದೆ, ಬಾಯಿ ತೆರೆದುಕೊಂಡೇ ಮೊಣಕೈಯಿಂದ ತಿವಿದಳು. ಕೆಳಗೆ ನೆರೆದ ಜನರಲ್ಲಿ ಯಾರೂ ಕೆಮ್ಮಲಿಲ್ಲ. ಗ್ಲೇಬನ ಕೈ ಗಾಳಿಯಲ್ಲೇ ಉಳಿಯಿತು.

ಆಮೇಲೆ ಅವನೇ ಆ ಸ್ವರ ಹಿಡಿದ. ತನ್ನ ಒಡಕು ದನಿಯಲ್ಲಿ, ತೀರ ತಗ್ಗಿನಲ್ಲಿ, ಕಣ್ಣು ಮುಚ್ಚಿಕೊಂಡು.

ಈಗ ಅಷ್ಟು ದೊಡ್ಡ ಚರ್ಚಿನಲ್ಲಿ ಎರಡೇ ದನಿ. ಮೇಲೆ ನೊನ್ನಾಳ ಗಂಟಲಿಗೆ ಅಳತೆ ಹಿಡಿದು ಹೊಲಿದ ರಾಗ, ಕೆಳಗೆ ಅವಳ ಗಂಡ. ರಿಮ್ಮಾ ಕೆಡಿಸಲು ಹೋಗಿ, ಅವರಿಬ್ಬರನ್ನೇ ಕೋಣೆಯಲ್ಲಿ ಬಿಟ್ಟು ತಾನೇ ಬಾಗಿಲು ಎಳೆದುಕೊಂಡು ಬಂದ ಹಾಗಾಗಿತ್ತಲ್ಲ! ಇನ್ನೊಂದು ಕ್ಷಣ ಸಹಿಸಲಾಗಲಿಲ್ಲ. ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡು ಹಾಡಿದಳು. ಬರೆದದ್ದಕ್ಕಿಂತ ಜೋರಾಗಿ, ಅವನ ದನಿ ಪೂರ್ತಿ ಮುಳುಗುವಷ್ಟು ಜೋರಾಗಿ. ಗ್ಲೇಬ್ ನಿಲ್ಲಿಸಿದ. ಅವಳು ನಿಲ್ಲಿಸಲಿಲ್ಲ. ನಾಲ್ಕನೇ ಪುಟದ ತುದಿಯವರೆಗೂ ಫೈನಾಳಿಗೆ ಹಿಡಿಯುವ ಕೆಲಸವನ್ನೇ ಬಿಡಲಿಲ್ಲ.

"ಏನಾಗಿತ್ತೇ ನಿಂಗೆ?" ಎಂದಳು ಫೈನಾ, ಅಟ್ಟದ ಮೆಟ್ಟಿಲಿಳಿಯುತ್ತ. "ಸದ್ದೇ ಇಲ್ಲ, ನಾನೇ ಸತ್ತುಹೋದೆ ಅಂದ್ಕೊಂಡೆ. ಸತ್ತಿದ್ರೂ ಒಳ್ಳೇದೇ ಆಗ್ತಿತ್ತು ಬಿಡು, ಹಾಡೂ ಆಗಿತ್ತು, ಗೋಧಿಯೂ ಬೆಂದಿತ್ತು."

ರಿಮ್ಮಾ ನಗಲಿಲ್ಲ. ಗಂಡನ ಬೈಗುಳ ಮನೆಗೆ ಹೋದಮೇಲೆ ಬೀಳುವುದು ಬೇಡ, ಇಲ್ಲೇ ಬೀಳಲಿ ಎಂದು ಹಿಂದಕ್ಕೆ ಹತ್ತಿದಳು. ಎಲ್ಲರೂ ಹೋಗಿದ್ದರು. ಗ್ಲೇಬ್ ಒಬ್ಬನೇ ಹಾಳೆಯ ಮೇಲೆ ಬಗ್ಗಿ ಪೆನ್ಸಿಲ್ ಹಿಡಿದಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಮೂರನೇ ಪುಟದಲ್ಲಿ ನೀವಿಬ್ಬರೂ ತಪ್ಪಿದ್ರಲ್ಲ," ಎಂದ, "ಆಗ ಕೆಳಗಿದ್ದ ಜನ ಉಸಿರು ಬಿಗಿ ಹಿಡಿದ್ರು. ಗೊತ್ತಾಯ್ತಾ? ಚಳಿಗಾಲ ಪೂರ್ತಿ ನಾನು ಹುಡುಕಿದ್ದು ಅದನ್ನೇ. ಅವಳು ಹೋದಾಗ ಹಾಗೇ ಇತ್ತು." ಬಾಯಿತಪ್ಪಿ ಬಂದ ಮಾತಿಗೆ ಒಂದು ಕ್ಷಣ ತಡವರಿಸಿದ. "ಅಲ್ಲಿ ಮೌನ ಅಂತಲೇ ಬರೆದುಬಿಡ್ತೀನಿ. ಇನ್ಮೇಲೆ ಪ್ರತಿ ವರ್ಷ ಹಾಗೇ ಹಾಡೋಣ."

ರಿಮ್ಮಾ ಹಾಳೆಯ ಮೇಲೆ ಕೈ ಊರಿದಳು.

"ಬರೀಬೇಡ."

"ಯಾಕೆ?"

"ಅದು ತಪ್ಪಿ ಆಗಿದ್ದಲ್ಲ. ಹೊಟ್ಟೆ ಉರೀತು. ಬೇಕಂತಲೇ ಬಾಯಿ ಮುಚ್ಚಿದೆ."

ಗ್ಲೇಬ್ ಪೆನ್ಸಿಲನ್ನು ಹಾಳೆಯಿಂದ ಮೇಲೆತ್ತಿದ.

"ಹಾಡೆಲ್ಲ ಅವಳಿಗೇ ಇರಲಿ," ಎಂದಳು. "ಒಂದೇ ಸ್ವರ ಹಿಡ್ಕೊಂಡು ನಿಲ್ಲು ಅಂದ್ರೆ ನಿಲ್ತೀನಿ. ಆದ್ರೆ ಆ ಮೌನ ನಂದು. ಅದನ್ನ ಅವಳಿಗೆ ಕೊಡಲ್ಲ."

ಕೆಳಗೆ ಯಾರೋ ಮೇಣದಬತ್ತಿಯ ಕಂಬಗಳ ಮೇಲೆ ಬಿದ್ದ ಮೇಣ ಕೆರೆಯುತ್ತಿದ್ದರು. ಗ್ಲೇಬ್ ಹೆಂಡತಿಯನ್ನು ನೋಡಿದ. ಹಾಳೆಯ ಮೇಲಿನ ಅವಳ ಕೈ ನೋಡಿದ, ಮತ್ತೆ ಅವಳನ್ನು ನೋಡಿದ. ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ.

"ನೀನು ಮತ್ತೆ ಹಿಡಿದದ್ದು ತುಂಬಾ ಜೋರಾಯ್ತು," ಎಂದ ಕೊನೆಗೆ.

"ಹೂಂ."

"ನನ್ನ ದನಿ ನಂಗೇ ಕೇಳಿಸ್ಲಿಲ್ಲ."

"ಅದಕ್ಕೇ ಹಾಡಿದ್ದು," ಎಂದಳು ರಿಮ್ಮಾ, ಕೈ ತೆಗೆಯದೆ.